ಗಢವಾಲಿಗಳು ಅಂದ್ರೆ ಯಾರು ಸ್ವಾಮಿ?



ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಕ್ಕೆ ಮುಂಚಿನ ಭಾನುವಾರವನ್ನು ಮಿಷನ್ ಭಾನುವಾರವಾಗಿ ಆಚರಿಸಬೇಕೆಂದು ಜಗದ್ಗುರು ಹನ್ನೊಂದನೇ ಪಿಯುಸ್‌ರವರು 1926ರಲ್ಲಿ ಗೊತ್ತುಪಡಿಸಿದರು. ಅಂದು ನಮ್ಮ ಧರ್ಮಕೇಂದ್ರಗಳಲ್ಲಿ ಏನೇನು ನಡೆಯುತ್ತದೆಂದು ನಿಮಗೆ ಬೇರೆ ಹೇಳಬೇಕಾಗಿಲ್ಲ. ಪೂಜೆ ಮುಗಿಯುತ್ತಿದ್ದಂತೆ ಬಾಳೆಗೊನೆ, ತೆಂಗಿನಕಾಯಿ, ನಾಟಿಕೋಳಿಗಳ ಹರಾಜು. ಒಂದು ಕಡೆ ಯುವಜನರ ತಿಂಡಿ ಅಂಗಡಿ, ಇನ್ನೊಂದು ಕಡೆ ಲಕೋಟೆ ಹಿಡಿದು ಓಡಾಡುವ ಧರ್ಮೋಪದೇಶ ತರಗತಿಯ ಮಕ್ಕಳು. ಮಧ್ಯಾಹ್ನ ಎಣಿಕೆ. ಮೈಕ್ ಹಿಡಿದು ಕೋಳಿಯ ಬೆಲೆ ಏರಿಸಿದವರಲ್ಲಿ ನಾವೂ ಒಬ್ಬರು. ಅದರಲ್ಲಿ ತಪ್ಪೇನಿಲ್ಲ. ಆ ಹಣ ಎಲ್ಲಿಗೋ ಹೋಗಿ ಯಾರದೋ ಶಾಲೆಯ ಚಾವಣಿಯಾಗುತ್ತದೆ, ಯಾರದೋ ಔಷಧಿಯಾಗುತ್ತದೆ. ಆದರೆ ಆ 'ಎಲ್ಲಿಗೋ', 'ಯಾರದೋ' ಎಂಬ ಮಾತುಗಳ ಬಗ್ಗೆಯೇ ಈ ವರ್ಷ ನಿಮ್ಮೊಂದಿಗೆ ಸ್ವಲ್ಪ ಮಾತನಾಡಬೇಕೆನಿಸಿದೆ.

ಕೆಲವು ವರ್ಷಗಳ ಹಿಂದೆ ಅಕ್ಟೋಬರ್ ತಿಂಗಳ ಜಪಸರದ ಸಮಯದಲ್ಲಿ ದಿನಕ್ಕೊಂದು ಜನಾಂಗಕ್ಕಾಗಿ ಪ್ರಾರ್ಥಿಸುವ ಪಟ್ಟಿಯೊಂದನ್ನು ಮಾಡಿಕೊಂಡಿದ್ದೆವು. ಒಂದು ಸಂಜೆ ಪಟ್ಟಿಯಲ್ಲಿ ಗಢವಾಲಿ ಜನರ ಹೆಸರಿತ್ತು. "ಗಢವಾಲಿ ಜನರಿಗಾಗಿ ಪ್ರಾರ್ಥಿಸೋಣ" ಎಂದು ನಾವು ಓದಿದೆವು. "ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸು" ಎಂದು ಜನ ಉತ್ತರಿಸಿದರು. ಹೊರಗೆ ಮೆಟ್ಟಿಲ ಬಳಿ ನಮ್ಮ ಧರ್ಮಕೇಂದ್ರದ ಒಬ್ಬ ಹಿರಿಯ ಅಜ್ಜಿ ನಮ್ಮನ್ನು ನಿಲ್ಲಿಸಿ, "ಗಢವಾಲಿಗಳು ಅಂದ್ರೆ ಯಾರು ಸ್ವಾಮಿ? ಅವರಿಗೇನಾಗಿದೆ?" ಎಂದರು.

"ಉತ್ತರದವರು ಅಜ್ಜಿ, ಹಿಮಾಲಯದ ಕಡೆಯವರು" ಎಂದೆವು.

"ಅದು ಸರಿ, ಅವರಿಗೆ ಏನು ಕೊಡು ಅಂತ ದೇವರನ್ನ ಕೇಳಿದ್ವಿ?"

ಗುರುಮಠದಲ್ಲಿ ಹತ್ತು ಹನ್ನೆರಡು ವರ್ಷ ಓದಿ ಬಂದ ನಮ್ಮ ಬಳಿ ಉತ್ತರವಿರಲಿಲ್ಲ. ಹೇಗೆ ಪ್ರಾರ್ಥಿಸಬೇಕೆಂದು ನಮಗೆ ತಿಳಿಯದಿರುವಾಗ ಪವಿತ್ರಾತ್ಮರೇ ನಮಗಾಗಿ ಬೇಡುತ್ತಾರೆಂದು ಸಂತ ಪೌಲರು ರೋಮನರಿಗೆ ಬರೆದಿದ್ದಾರೆ, ನಿಜ. ಆದರೆ ಅದು ತಿಳಿಯಲು ಪ್ರಯತ್ನಿಸಿ ಸೋತವರಿಗೆ ಹೇಳಿದ ಸಮಾಧಾನ. ಪ್ರಯತ್ನವನ್ನೇ ಮಾಡದವರಿಗೆ ಹೇಳಿದ್ದಲ್ಲ. ಆ ರಾತ್ರಿಯಿಂದ ನಾವು ಗಢವಾಲದ ಬಗ್ಗೆ ಓದತೊಡಗಿದೆವು.

ಉತ್ತರಾಖಂಡ ರಾಜ್ಯದ ಪಶ್ಚಿಮ ಭಾಗವೇ ಗಢವಾಲ್. 'ಗಢ' ಎಂದರೆ ಕೋಟೆ. ಹಿಂದೆ 52 ಕೋಟೆಗಳಿದ್ದ ನಾಡೆಂದು ಅಲ್ಲಿನವರು ಹೇಳಿಕೊಳ್ಳುತ್ತಾರೆ. ಡೆಹ್ರಾಡೂನ್, ಹರಿದ್ವಾರಗಳನ್ನೂ ಸೇರಿಸಿ ಒಟ್ಟು ಏಳು ಜಿಲ್ಲೆಗಳು. ಅದರಲ್ಲಿ ಪೌರಿ, ತೆಹ್ರಿ, ಉತ್ತರಕಾಶಿ, ಚಮೋಲಿ, ರುದ್ರಪ್ರಯಾಗ ಬೆಟ್ಟದ ಜಿಲ್ಲೆಗಳು. ಭಾಗೀರಥಿ ಮತ್ತು ಅಲಕನಂದಾ ನದಿಗಳು ದೇವಪ್ರಯಾಗದಲ್ಲಿ ಕೂಡಿ ಗಂಗೆಯೆಂಬ ಹೆಸರು ಪಡೆಯುವುದು ಇಲ್ಲಿಯೇ. 2011ರ ಜನಗಣತಿಯಲ್ಲಿ ಸುಮಾರು 24.8 ಲಕ್ಷ ಜನ ಗಢವಾಲಿಯನ್ನು ತಮ್ಮ ತಾಯ್ನುಡಿ ಎಂದು ಬರೆಸಿದ್ದರು.

ಬದರಿ, ಕೇದಾರ, ಗಂಗೋತ್ರಿ, ಯಮುನೋತ್ರಿ ಎಂದಾಗ ನಿಮಗೆಲ್ಲ ಗೊತ್ತೇ ಇದೆ. ಪಕ್ಕದ ಮನೆಯವರು ಯಾತ್ರೆಗೆ ಹೋಗಿ ತಂದ ಗಂಗಾಜಲದ ಗಿಂಡಿಯನ್ನು ನೀವು ಅವರ ದೇವರ ಮನೆಯಲ್ಲಿ ನೋಡಿರುತ್ತೀರಿ. ಕೇದಾರನಾಥದ ರಾವಲರು ಸಂಪ್ರದಾಯದಂತೆ ನಮ್ಮ ಕರ್ನಾಟಕದ ಕಡೆಯ ವೀರಶೈವ ಜಂಗಮ ಪರಂಪರೆಗೆ ಸೇರಿದವರು. ಬದರಿಯ ರಾವಲರು ಕೇರಳದ ನಂಬೂದಿರಿಗಳು. ದಕ್ಷಿಣಕ್ಕೂ ಆ ಬೆಟ್ಟಗಳಿಗೂ ನಂಟು ಇಂದಿನದಲ್ಲ. ಹಾಗಾಗಿ ಒಂದು ವಿಷಯ ಮೊದಲೇ ಮನಸ್ಸಿನಲ್ಲಿರಲಿ: ಪ್ರಾರ್ಥನೆ ಗೊತ್ತಿಲ್ಲದ ಜನರಿಗಾಗಿ ನಾವು ಪ್ರಾರ್ಥಿಸುತ್ತಿಲ್ಲ. ನಮಗಿಂತ ಹೆಚ್ಚು ಉಪವಾಸ ಮಾಡುವ, ನಮಗಿಂತ ದೂರ ಬರಿಗಾಲಲ್ಲಿ ನಡೆಯುವ ಜನ ಅವರು.

ಅವರ ನಂದಾದೇವಿಯ ಕಥೆಯನ್ನು ಓದಿದಾಗ ನಮಗೆ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳೇ ನೆನಪಾದರು. ನಂದಾ ಅವರಿಗೆ ದೇವಿ ಮಾತ್ರವಲ್ಲ, ಮನೆಮಗಳು. ಆ ಬೆಟ್ಟಗಳು ಅವಳ ತವರು. ಹಿಮಶಿಖರದ ಆಚೆಯ ಕೈಲಾಸ ಅವಳ ಗಂಡನ ಮನೆ. ಸುಮಾರು 12 ವರ್ಷಗಳಿಗೊಮ್ಮೆ ನಡೆಯುವ ರಾಜಜಾತ್ ಯಾತ್ರೆಯಲ್ಲಿ ನೌಟಿ ಗ್ರಾಮದಿಂದ ಹೋಮಕುಂಡದವರೆಗೆ ಜನ ಅವಳನ್ನು ಕಳುಹಿಸಿಕೊಡಲು ನಡೆಯುತ್ತಾರೆ; ನಾಲ್ಕು ಕೊಂಬಿನ ಟಗರು ಮುಂದೆ ಹೋಗುತ್ತದೆ. 2014ರಲ್ಲಿ ಈ ಯಾತ್ರೆ ನಡೆದಿತ್ತು. ಮಗಳನ್ನು ಗಂಡನ ಮನೆಗೆ ಕಳುಹಿಸುವಾಗ ಅಳುವಂತೆಯೇ ಹೆಂಗಸರು ಅಳುತ್ತಾರೆ. ತವರಿಗಾಗಿ, ದೂರವಾದವರಿಗಾಗಿ ಹಂಬಲಿಸುವ ನೋವಿಗೆ ಗಢವಾಲಿಯಲ್ಲಿ 'ಖುದ್' ಎನ್ನುತ್ತಾರೆ. ಆ ನೋವಿನ ಹಾಡುಗಳದೇ ಒಂದು ಪ್ರಕಾರವಿದೆ.

ಈ ಹಂಬಲಕ್ಕೆ ಕಾರಣವೂ ಇದೆ. ಬೆಟ್ಟದ ಮೆಟ್ಟಿಲು ಗದ್ದೆಗಳಲ್ಲಿ ವರ್ಷವಿಡೀ ದುಡಿದರೂ ಮನೆ ನಡೆಯುವುದು ಕಷ್ಟ. ಗಂಡಸರು ಸೈನ್ಯಕ್ಕೆ ಹೋದರು. ಲ್ಯಾನ್ಸ್‌ಡೌನ್ ಊರಿನ ಗಢವಾಲ್ ರೈಫಲ್ಸ್ ಹೆಸರನ್ನು ಕೇಳದ ಸೈನಿಕರಿಲ್ಲ. ಉಳಿದವರು ದೆಹಲಿ, ಮುಂಬಯಿಗಳ ಹೋಟೆಲುಗಳಿಗೆ ಹೋದರು. ಅವರು ಕಳುಹಿಸುವ ಹಣದಿಂದಲೇ ಮನೆಗಳು ನಡೆದದ್ದರಿಂದ ಮನಿ ಆರ್ಡರ್ ಬದುಕು ಎಂಬ ಮಾತೇ ಹುಟ್ಟಿಕೊಂಡಿತು. ಹುಲ್ಲು, ಸೌದೆ, ನೀರು ಹೊರುವ ಕೆಲಸ ಹೆಂಗಸರ ಬೆನ್ನಿಗೆ ಬಿತ್ತು. ಆಮೇಲೆ ಮಕ್ಕಳ ಓದಿಗಾಗಿ, ಆಸ್ಪತ್ರೆಗಾಗಿ ಸಂಸಾರಗಳೇ ಇಳಿದುಹೋಗತೊಡಗಿದವು. 2001ರಿಂದ 2011ರ ನಡುವೆ ಪೌರಿ ಜಿಲ್ಲೆಯ ಜನಸಂಖ್ಯೆ ಹೆಚ್ಚುವ ಬದಲು ಕಡಿಮೆಯಾಯಿತು. 2011ರ ನಂತರದ ಕೆಲವೇ ವರ್ಷಗಳಲ್ಲಿ ರಾಜ್ಯದ 734 ಹಳ್ಳಿಗಳು ನಿರ್ಜನವಾದವೆಂದು ಸರ್ಕಾರದ ವಲಸೆ ಆಯೋಗವೇ 2018ರಲ್ಲಿ ವರದಿ ಮಾಡಿತು. ಈ ವಲಸೆಗೆ ಅಲ್ಲಿನವರು ಬಳಸುವ ಶಬ್ದ 'ಪಲಾಯನ'. ನಮ್ಮ ಕನ್ನಡದಲ್ಲಿ ಅದಕ್ಕೆ ಹೆದರಿ ಓಡಿಹೋಗುವುದು ಎಂಬ ಅರ್ಥ. ಬೀಗ ಹಾಕಿದ ಬಾಗಿಲ ಮುಂದೆ ಎರಡೂ ಅರ್ಥ ಒಂದೇ ಆಗಿಬಿಡುತ್ತವೆಯೇನೋ.

ಇದರ ಮೇಲೆ ಬೆಟ್ಟದ ಮುನಿಸು. 1991ರ ಅಕ್ಟೋಬರ್ 20ರಂದು ಉತ್ತರಕಾಶಿಯ ಭೂಕಂಪದಲ್ಲಿ 700ಕ್ಕೂ ಹೆಚ್ಚು ಜನ ಸತ್ತರು. 2013ರ ಜೂನ್‌ನ ಕೇದಾರನಾಥದ ಪ್ರವಾಹ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋಯಿತು. ಕಾರಿತಾಸ್ ಇಂಡಿಯಾ ಸಂಸ್ಥೆ ಅಲ್ಲಿ ಪರಿಹಾರ ಕಾರ್ಯದಲ್ಲಿ ತೊಡಗಿತ್ತು. 2021ರ ಫೆಬ್ರವರಿ 7ರಂದು ಋಷಿಗಂಗಾ ನದಿ ಉಕ್ಕಿದ್ದು ರೇಣಿ ಗ್ರಾಮದ ಪಕ್ಕದಲ್ಲಿ. 1974ರಲ್ಲಿ ಗೌರಾದೇವಿಯೆಂಬ ಹಳ್ಳಿಯ ಹೆಂಗಸು ತನ್ನ ಜೊತೆಗಾತಿಯರೊಂದಿಗೆ ಕಾಡಿಗೆ ಹೋಗಿ, ಕೊಡಲಿಗೆ ಅಡ್ಡನಿಂತು ಮರಗಳನ್ನು ಉಳಿಸಿದ ಅದೇ ರೇಣಿ. 2023ರ ಜನವರಿಯಲ್ಲಿ ಜೋಶಿಮಠದ ಮನೆಗಳು ಬಿರುಕುಬಿಟ್ಟವು. 2025ರ ಆಗಸ್ಟ್ 5ರಂದು ಧರಾಲಿಯ ಮೇಲೆ ಕೆಸರಿನ ಪ್ರವಾಹ ಇಳಿಯಿತು. ಸೃಷ್ಟಿಯೆಲ್ಲಾ ಪ್ರಸವವೇದನೆಯಿಂದ ನರಳುತ್ತಿದೆ ಎಂಬ ಸಂತ ಪೌಲರ ಮಾತನ್ನು ನಾವು ಪೀಠದಿಂದ ಎಷ್ಟೋ ಸಲ ಓದಿದ್ದೇವೆ. ಆ ನರಳಾಟ ಅಲ್ಲಿನವರ ಕಿವಿಗೆ ಬೀಳುವ ಸದ್ದು.

ಹಾಗಾದರೆ ಧರ್ಮಸಭೆಗೂ ಈ ಜನರಿಗೂ ಏನು ಸಂಬಂಧ? ಬಹಳ ಹಳೆಯದು, ಬಹಳ ತೆಳುವಾದದ್ದು. 1624ರಲ್ಲಿ ಅಂತೋನಿಯೊ ದೆ ಅಂದ್ರಾದೆ ಎಂಬ ಪೋರ್ಚುಗೀಸ್ ಯೇಸುಸಭೆಯ ಗುರುಗಳು ಸಹೋದರ ಮನುವೆಲ್ ಮಾರ್ಕೆಸ್ ಜೊತೆ ಆಗ್ರಾದಿಂದ ಹೊರಟು, ಬದರಿಯಾತ್ರಿಕರ ಗುಂಪನ್ನು ಸೇರಿಕೊಂಡು ಗಢವಾಲವನ್ನು ಹಾದುಹೋದರು. ಅಲಕನಂದೆಯ ದಡದ ಶ್ರೀನಗರದಲ್ಲಿ (ಇದು ಕಾಶ್ಮೀರದ ಶ್ರೀನಗರವಲ್ಲ) ಅಧಿಕಾರಿಗಳ ವಿಚಾರಣೆಗೆ ಒಳಗಾದರು. ಬದರಿ ದಾಟಿ, ಸುಮಾರು 5,600 ಮೀಟರ್ ಎತ್ತರದ ಮಾಣಾ ಕಣಿವೆಮಾರ್ಗದ ಹಿಮದಲ್ಲಿ ಹೂತುಹೋಗುತ್ತಾ, ಕಣ್ಣು ಮಂಜಾಗಿ, ಕೊನೆಗೆ ಟಿಬೆಟ್ಟಿನ ಚಪರಾಂಗ್ ತಲುಪಿದರು. ಚಳಿಗೆ ಮರಗಟ್ಟಿ ಬೆರಳಿನ ತುಂಡೊಂದು ಹೋದದ್ದೂ ನೋವಿನಿಂದ ತಮಗೆ ತಿಳಿಯಲಿಲ್ಲವೆಂದು ಅವರು ಪತ್ರದಲ್ಲಿ ಬರೆದರು. ಮಹಾಸಾಹಸಿ. ಆದರೂ ಒಂದು ಮಾತು: ಆ ಪಯಣದಲ್ಲಿ ಗಢವಾಲ್ ಅವರಿಗೆ ದಾರಿಯಾಗಿತ್ತು, ಊರಾಗಿರಲಿಲ್ಲ. ಅವರ ಕಣ್ಣು ಟಿಬೆಟ್ಟಿನ ಮೇಲಿತ್ತು.

ಊರು ಮಾಡಿಕೊಂಡವರು ನಂತರ ಬಂದರು. 19ನೇ ಶತಮಾನದ ಆರಂಭದ ದಶಕಗಳಲ್ಲಿ ಸೆರಾಂಪೋರಿನ ಪ್ರೊಟೆಸ್ಟೆಂಟ್ ಮಿಷನರಿಗಳು ಹೊಸ ಒಡಂಬಡಿಕೆಯನ್ನು ಗಢವಾಲಿಯಲ್ಲಿ ಅಚ್ಚು ಹಾಕಿಸಿದರು. 1860ರ ದಶಕದಲ್ಲಿ ಅಮೆರಿಕದ ಮೆಥೊಡಿಸ್ಟರು ಪೌರಿಗೆ ಬಂದು ಶಾಲೆ ತೆರೆದರು. ನಮ್ಮ ಕಥೋಲಿಕ ಧರ್ಮಸಭೆಯ ಕೆಲಸ ಆ ಬೆಟ್ಟಗಳಲ್ಲಿ ಬೇರೂರಿದ್ದು 1972ರಲ್ಲಿ, ಬಿಜ್ನೋರ್ ಮಿಷನ್ ಕ್ಷೇತ್ರವನ್ನು ಸಿರೋ-ಮಲಬಾರ್ ಧರ್ಮಸಭೆಯ ಸಿಎಂಐ ಗುರುಗಳಿಗೆ ಒಪ್ಪಿಸಿದಾಗ. 1977ರಲ್ಲಿ ಅದು ಧರ್ಮಪ್ರಾಂತ್ಯವಾಯಿತು. ಗ್ರೇಷಿಯನ್ ಮುಂಡಾಡನ್‌ರವರು ಮೊದಲ ಧರ್ಮಾಧ್ಯಕ್ಷರು. ಧರ್ಮಾಧ್ಯಕ್ಷರ ನಿವಾಸವಿರುವುದು ಪೌರಿ ಜಿಲ್ಲೆಯ ಕೋಟದ್ವಾರದಲ್ಲಿ. ಸಂತ ಕುರಿಯಾಕೋಸ್ ಎಲಿಯಾಸ್ ಚಾವರರು ಸ್ಥಾಪಿಸಿದ ಈ ಸಭೆಯ ದೊಡ್ಡ ಗುರುಮಠ ಬೆಂಗಳೂರಿನ ಧರ್ಮಾರಾಮ್. ಹೊಸೂರು ರಸ್ತೆಯಲ್ಲಿ ಹೋಗುವಾಗ ಅದರ ಮುಂದೆ ಹಾದುಹೋಗಿರುತ್ತೀರಿ.

ಫಲವೆಷ್ಟು ಎಂದು ಕೇಳುವವರಿಗೆ: 2011ರ ಜನಗಣತಿಯಲ್ಲಿ ಒಂದು ಕೋಟಿಗೂ ಮಿಕ್ಕ ಜನಸಂಖ್ಯೆಯ ಇಡೀ ಉತ್ತರಾಖಂಡದಲ್ಲಿ ಎಲ್ಲ ಪಂಗಡದ ಕ್ರೈಸ್ತರು ಸೇರಿ 37,781 ಜನ, ಅಂದರೆ ಶೇಕಡಾ 0.37. ಎಣಿಸಲು ಹೋದ ಮಿಷನರಿ ಮಾರನೆಯ ದಿನವೇ ಬಸ್ಸು ಹತ್ತಬೇಕು. ಎಣಿಸದೆ ಉಳಿದವರೇ ಉಳಿದರು.

ಅವರ ನಡುವೆ ಒಬ್ಬ ವಿಚಿತ್ರ ಸಂನ್ಯಾಸಿಯೂ ಇದ್ದರು. ಫ್ರಾನ್ಸಿನ ಬೆನೆಡಿಕ್ಟೈನ್ ಮಠದಿಂದ 1948ರಲ್ಲಿ ಭಾರತಕ್ಕೆ ಬಂದ ಹೆನ್ರಿ ಲೆ ಸೋ, ಅಂದರೆ ಸ್ವಾಮಿ ಅಭಿಷಿಕ್ತಾನಂದರು. 1964ರಲ್ಲಿ ರೈಮನ್ ಪಣಿಕ್ಕರ್ ಗುರುಗಳೊಂದಿಗೆ ಗಂಗೋತ್ರಿಗೆ ನಡೆದುಹೋಗಿ ಅಲ್ಲಿ ಬಲಿಪೂಜೆ ಅರ್ಪಿಸಿದರು. ಉತ್ತರಕಾಶಿಯಲ್ಲಿ ಗಂಗೆಯ ದಡದ ಗುಡಿಸಲಿನಲ್ಲಿ ವರ್ಷಗಟ್ಟಲೆ ಮೌನದಲ್ಲಿ ಪ್ರಾರ್ಥಿಸಿದರು. 1973ರಲ್ಲಿ ತೀರಿಕೊಂಡರು. ಅವರ ವಿಚಾರಗಳನ್ನೆಲ್ಲ ಒಪ್ಪಬೇಕೆಂದಿಲ್ಲ. ಗುರುಮಠದಲ್ಲಿ ಅವರ ಬಗ್ಗೆ ಜೋರಾಗಿ ವಾದ ಮಾಡಿದವರಲ್ಲಿ ನಾವೂ ಇದ್ದೆವು. ಆದರೆ ಹಿಡಿ ರೊಟ್ಟಿ, ಒಂದಿಷ್ಟು ದ್ರಾಕ್ಷಾರಸವನ್ನು ಹಿಡಿದು ಆ ಹಿಮನದಿಯ ಬುಡದಲ್ಲಿ ಕುಳಿತ ಆ ಬೆಳಗನ್ನು ನೆನೆದರೆ ಇಂದಿಗೂ ಮಾತು ನಿಲ್ಲುತ್ತದೆ.

ಇನ್ನು ಶುಭಸಂದೇಶಕ್ಕೆ ಬರೋಣ. ಅಕ್ಟೋಬರ್ 18ರ ಸಂತ ಲೂಕರ ಹಬ್ಬದಂದು ಓದುವ ಶುಭಸಂದೇಶ ಲೂಕ 10:1-9, ಮಿಷನ್ ಭಾನುವಾರದ ಆಸುಪಾಸಿನಲ್ಲೇ ಬರುತ್ತದೆ. ಯೇಸುಸ್ವಾಮಿ ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸುತ್ತಾರೆ. ಬೆಳೆಯ ಒಡೆಯನಿಗೆ ಪ್ರಾರ್ಥಿಸಿ ಎನ್ನುವುದು ಮೊದಲು. ಆಮೇಲೆ ಚೀಲ ಬೇಡ, ಜೋಡು ಬೇಡ. ಮನೆಗೆ ಕಾಲಿಟ್ಟಾಗ ಶಾಂತಿಯನ್ನು ಕೋರಿ. ಅವರು ಬಡಿಸಿದ್ದನ್ನು ಉಣ್ಣಿ. ರೋಗಿಗಳನ್ನು ಗುಣಪಡಿಸಿ. ದೇವರ ಸಾಮ್ರಾಜ್ಯ ಹತ್ತಿರ ಬಂದಿದೆಯೆಂದು ಹೇಳುವುದು ಇಷ್ಟೆಲ್ಲ ಆದ ನಂತರ. ಈ ಕ್ರಮವನ್ನು ಗಮನಿಸಿ. ನಾವು ಬಹಳಷ್ಟು ಸಲ ಕೊನೆಯದರಿಂದ ಶುರುಮಾಡುತ್ತೇವೆ, ಊಟವನ್ನಂತೂ ಮರೆತೇಬಿಡುತ್ತೇವೆ. ತೋಳಗಳ ನಡುವೆ ಕುರಿಮರಿಗಳಂತೆ ಎಂಬ ಮಾತೂ ಅಲ್ಲಿದೆ. ಅದನ್ನು ಓದಿ ಊರಿನ ಜನರನ್ನೇ ತೋಳಗಳೆಂದು ತಿಳಿಯುವವರಿದ್ದಾರೆ. ತೋಳದ ಮನೆಯಲ್ಲಿ ಉಣ್ಣಲು ಕುರಿಮರಿಯನ್ನು ಯಾರಾದರೂ ಕಳುಹಿಸುತ್ತಾರೆಯೇ?

ಅಜ್ಜಿ ಪ್ರಶ್ನೆ ಕೇಳಿದ ವರ್ಷವೇ, ಮಿಷನ್ ಭಾನುವಾರದಂದು ನಮ್ಮ ಊರಿನ ಬಸ್ ನಿಲ್ದಾಣದ ಬಳಿಯ ಹೋಟೆಲಿನ ತಂದೂರಿ ಒಲೆಯ ಹುಡುಗನೊಬ್ಬ ತಿಂಡಿ ಅಂಗಡಿಗೆ ಬಂದಿದ್ದ. ವಿಚಾರಿಸಿದರೆ ಪೌರಿ ಜಿಲ್ಲೆಯವನು! ಪಟ್ಟಿಯಲ್ಲಿದ್ದ ಹೆಸರು ಕಾಗದದ ತಟ್ಟೆ ಹಿಡಿದು ಎದುರಿಗೆ ನಿಂತಿತ್ತು. ಅಜ್ಜಿ ಅವನಿಗೆ ರಾಗಿರೊಟ್ಟಿ, ಹುರುಳಿಸಾರು ಕೊಟ್ಟರು. ರೊಟ್ಟಿ ಮುರಿದವನೇ "ಮಂಡುವಾ!" ಎಂದ. ಸಾರಿನಲ್ಲಿ ಅದ್ದಿ "ಗಹತ್!" ಎಂದ. ರಾಗಿಯೂ ಹುರುಳಿಯೂ ಅವರ ಬೆಟ್ಟದ ಊಟ. ನಮ್ಮ ಹರಕು ಹಿಂದಿಯಲ್ಲಿ ಮಾತನಾಡಿಸಿದೆವು. ಅವನ ಹಳ್ಳಿಯಲ್ಲಿ ಮೂವತ್ತು ಮನೆಗಳಿದ್ದವಂತೆ, ಈಗ ನಾಲ್ಕರಲ್ಲಿ ಮಾತ್ರ ಒಲೆ ಉರಿಯುತ್ತದಂತೆ. ಅದರಲ್ಲೊಂದು ಅವನ ತಾಯಿಯದು.

ಅವನು ಹೋದ ಮೇಲೆ ನಮ್ಮ ಯುವಕರಲ್ಲೊಬ್ಬ, "ಫಾದರ್, ಹಿಂದಿ ಬೈಬಲ್ ಒಂದು ಕೊಟ್ಟು ಕಳಿಸಬಹುದಿತ್ತಲ್ಲ, ಅವಕಾಶ ತಪ್ಪಿತು" ಎಂದ. ಒಳ್ಳೆಯ ಹುಡುಗ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಅವನ ಪ್ರಶ್ನೆಯನ್ನು ತಳ್ಳಿಹಾಕುವುದು ಸುಲಭ, ಸರಿಯಲ್ಲ. ಬಾಳಿನ ಸಾಕ್ಷ್ಯವೇ ಮೊದಲು, ಆದರೆ ಯೇಸುವಿನ ನಾಮವನ್ನು ಎಂದೂ ಹೇಳದೆ ಉಳಿಯುವುದು ಪೂರ್ಣ ಶುಭಸಂದೇಶವಲ್ಲ ಎಂದು ಜಗದ್ಗುರು ಆರನೇ ಪೌಲರು 1975ರಲ್ಲಿ ಸ್ಪಷ್ಟವಾಗಿ ಕಲಿಸಿದ್ದಾರೆ. ಅದೇ ಸಮಯದಲ್ಲಿ, ವಿಶ್ವಾಸದ ವಿಷಯದಲ್ಲಿ ಯಾರನ್ನೂ ಯಾವ ರೀತಿಯಲ್ಲೂ ಬಲವಂತ ಮಾಡಕೂಡದೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಘೋಷಿಸಿತು. ಹಸಿದವನ ತಟ್ಟೆಯ ಪಕ್ಕ ಇಟ್ಟ ಪುಸ್ತಕ ಕಾಣಿಕೆಯೋ, ಊಟದ ಬೆಲೆಯೋ ಎಂದು ಅವನಿಗೆ ಹೇಗೆ ತಿಳಿಯಬೇಕು? ಅವನೇ ಒಂದು ದಿನ ನಮ್ಮನ್ನು ಕೇಳಿದರೆ, ಹೇಳಲು ನಾವು ನಾಚಬೇಕಾಗಿಲ್ಲ.

ಕಾನೂನಿನ ಮಾತೂ ಇದೆ. ಉತ್ತರಾಖಂಡದಲ್ಲಿ 2018ರಲ್ಲಿ ಮತಾಂತರದ ಮೇಲೆ ಕಾಯಿದೆ ಬಂದಿತು, 2022ರ ತಿದ್ದುಪಡಿಯಿಂದ ಶಿಕ್ಷೆ ಹತ್ತು ವರ್ಷಗಳವರೆಗೂ ಏರಿತು. 2021ರ ಅಕ್ಟೋಬರ್‌ನಲ್ಲಿ ರೂರ್ಕಿಯಲ್ಲಿ ಪ್ರಾರ್ಥನಾಗೃಹವೊಂದರ ಮೇಲೆ ಗುಂಪೊಂದು ನುಗ್ಗಿ ಧ್ವಂಸ ಮಾಡಿತು. ಅಲ್ಲಿ ದುಡಿಯುವ ಗುರುಗಳು, ಧರ್ಮಭಗಿನಿಯರು ಯಾವ ಎಚ್ಚರದಲ್ಲಿ ಬದುಕುತ್ತಾರೆಂದು ಊಹಿಸಿ. ದಯವಿಟ್ಟು ಅವರ ಶಾಲೆಯ ಮಕ್ಕಳ ಚಿತ್ರಕ್ಕೆ 'ಇಷ್ಟು ಆತ್ಮಗಳು ರಕ್ಷಣೆ ಹೊಂದಿದವು' ಎಂಬಂತಹ ಬರಹ ಸೇರಿಸಿ ಮೊಬೈಲಿನಲ್ಲಿ ಹಂಚಬೇಡಿ. ನಿಮಗದು ಭಕ್ತಿ, ಅವರಿಗದು ಪೊಲೀಸ್ ಠಾಣೆ.

ಹಾಗಾದರೆ ದೂರದಲ್ಲಿರುವ ನಾವೇನು ಮಾಡಬಹುದು? ಲಿಸಿಯೂವಿನ ಸಂತ ತೆರೇಸಮ್ಮನವರನ್ನು ನೋಡಿ. 15ನೇ ವಯಸ್ಸಿನಲ್ಲಿ ಮಠ ಸೇರಿದವರು 1897ರಲ್ಲಿ 24ನೇ ವಯಸ್ಸಿಗೆ ಸಾಯುವವರೆಗೆ ಆ ಗೋಡೆಗಳಾಚೆ ಹೋಗಲಿಲ್ಲ. ಆದರೂ 1927ರಲ್ಲಿ ಸಂತ ಫ್ರಾನ್ಸಿಸ್ ಕ್ಸೇವಿಯರರ ಜೊತೆಗೆ ಅವರನ್ನೂ ಮಿಷನ್ ಕಾರ್ಯದ ಪಾಲಕಿಯೆಂದು ಧರ್ಮಸಭೆ ಸಾರಿತು. ಚೀನಾಕ್ಕೆ ಹೋದ ರೂಲಾಂ ಎಂಬ ಗುರುಗಳಿಗಾಗಿ ಪ್ರಾರ್ಥಿಸುವ ಹೊಣೆ ಅವರದಾಗಿತ್ತು. ಆ ಗುರುಗಳ ಸೀಚುವಾನ್ ಪ್ರಾಂತ್ಯದ ನಕ್ಷೆಯನ್ನು ತಾವು ಕೆಲಸ ಮಾಡುವ ಕೋಣೆಯ ಗೋಡೆಗೆ ಹಚ್ಚಿಕೊಂಡಿದ್ದರು. ತಾವೆಂದೂ ಕಾಣದ ಊರಿಗಾಗಿ ಅವರು ಕಣ್ಣು ತೆರೆದು ಪ್ರಾರ್ಥಿಸಿದರು.

ಮರುವರ್ಷ ಧರ್ಮೋಪದೇಶದ ಮಕ್ಕಳು ಗಢವಾಲದ ನಕ್ಷೆ ಬರೆದು ಸಭಾಂಗಣದ ಗೋಡೆಗೆ ಅಂಟಿಸಿದರು. ನದಿಗಳಿಗೆ ನೀಲಿ, ಹಿಮಕ್ಕೆ ಬಣ್ಣ ಹಚ್ಚದೆ ಬಿಟ್ಟ ಜಾಗ. ಅಷ್ಟರಲ್ಲಿ ಆ ಹುಡುಗ ತಂಗಿಯ ಮದುವೆಗೆ ಊರಿಗೆ ಹೋಗಿ ಬಂದು, ಒಂದು ಡಬ್ಬಿ ತಿಂಡಿ ತಂದುಕೊಟ್ಟಿದ್ದ. ಅಕ್ಕಿಹಿಟ್ಟು ಬೆಲ್ಲ ಕಲಸಿ ಕರಿದದ್ದು, 'ಅರ್ಸಾ' ಅಂತೆ. ಮದುವೆಯಾಗಿ ಹೋಗುವ ಮಗಳ ಜೊತೆ ಕಳುಹಿಸುವ ತಿಂಡಿ. ಬಾಯಿಗಿಟ್ಟುಕೊಂಡ ಅಜ್ಜಿ, "ಅಯ್ಯೋ, ಇದು ನಮ್ಮ ಕಜ್ಜಾಯ ಅಲ್ವಾ!" ಎಂದರು. ಬಡಿಸಿದ್ದನ್ನು ಉಣ್ಣಿ ಎಂಬ ಪ್ರಭುವಿನ ಮಾತನ್ನು ನಾವು ಪಾಲಿಸಿದ್ದು ಹೀಗೆ, ನಮ್ಮ ಧರ್ಮಕೇಂದ್ರದ ಜಗಲಿಯಲ್ಲೇ.

ಆ ಅಕ್ಟೋಬರ್‌ನ ಜಪಸರಕ್ಕಾಗಿ ಮಹಿಳಾ ಸಂಘದವರೇ ಕುಳಿತು ಭಕ್ತರ ಪ್ರಾರ್ಥನೆಯನ್ನು ಬರೆದರು. ನಿಮ್ಮ ಮನೆಗಳಲ್ಲೂ ಬಳಸಬಹುದು:

ಬೆಟ್ಟದ ಮೇಲೆ ಮಳೆ ಹದವಾಗಿ ಬೀಳಲಿ, ಮಲಗಿದವರ ಮೇಲೆ ಮಣ್ಣು ಕುಸಿಯದಿರಲಿ ಎಂದು ಪ್ರಾರ್ಥಿಸೋಣ.

ಹುಲ್ಲಿನ ಹೊರೆ ಹೊತ್ತು ಇಳಿಜಾರಿನಲ್ಲಿ ಇಳಿಯುವ ಹೆಂಗಸರ ಕಾಲು ಜಾರದಂತೆ ಮಾತೆ ಮರಿಯಮ್ಮ ಕೈಹಿಡಿಯಲೆಂದು ಪ್ರಾರ್ಥಿಸೋಣ.

ಊರು ಬಿಟ್ಟು ಹೋಟೆಲಿನಲ್ಲಿ, ಕಾವಲು ಕೆಲಸದಲ್ಲಿ, ಗಡಿಯಲ್ಲಿ ಇರುವ ಗಂಡುಮಕ್ಕಳಿಗಾಗಿಯೂ, ಬೀಗ ಬಿದ್ದ ಮನೆಗಳಿಗಾಗಿಯೂ ಪ್ರಾರ್ಥಿಸೋಣ.

ಅಲ್ಲಿ ಸೇವೆ ಮಾಡುವ ಗುರುಗಳಿಗೂ ಧರ್ಮಭಗಿನಿಯರಿಗೂ ಭಯವಿಲ್ಲದ ಮನಸ್ಸು, ಬೇಸರವಿಲ್ಲದ ಸಂಜೆಗಳು ದೊರೆಯಲೆಂದು ಪ್ರಾರ್ಥಿಸೋಣ.

ಯೇಸುವಿನ ಪ್ರೀತಿಯನ್ನು ಆ ಜನ ನಮ್ಮಂಥವರ ನಡತೆಯಲ್ಲಿ ಕಾಣುವಂತಾಗಲಿ, ಅವರ ಭಕ್ತಿಯಲ್ಲಿರುವ ಒಳಿತನ್ನು ನಾವೂ ಕಾಣುವಂತಾಗಲಿ ಎಂದು ಪ್ರಾರ್ಥಿಸೋಣ.

ಬರೆದು ಮುಗಿಸಿದ ಮೇಲೆ ಅಜ್ಜಿಗೆ ಓದಿ ಹೇಳಿದೆವು. ಕೈಮುಗಿದುಕೊಂಡೇ ಕೇಳಿಸಿಕೊಂಡರು. ಆಮೇಲೆ, "ಆ ಹುಡುಗನ ತಾಯಿಗೆ ಮೊಣಕಾಲು ನೋವಂತೆ ಸ್ವಾಮಿ, ಅದನ್ನೂ ಸೇರಿಸಿ" ಎಂದರು. ಸೇರಿಸಿದೆವು.